ಕಥೆಯ ಆಶಯವನ್ನು ಬೋರ್ಡಿನ ಮೇಲೆ ಬರೆಯಬೇಡಿ: ಕೊಡಗಿನ ಶಿಕ್ಷಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಕೊಡಗು ಜಿಲ್ಲೆ, ಮಡಿಕೇರಿ
ಹಾಗೂ ಶಿಕ್ಷಕರಿಗೆ ತರಬೇತಿ ನೀಡುವ ಕೂಡಿಗೆಯ ಡಯಟ್‌ನ ಪ್ರಾಂಶುಪಾಲರು

ಮಾನ್ಯರೇ,

ಜನವರಿ ಬಂತೆಂದರೆ ನಮ್ಮ ಹೈಸ್ಕೂಲುಗಳಲ್ಲಿ ಎಂಥ ಕಥೆಯೂ ಮೂರು ತುಂಡಾಗುತ್ತದೆ. ಆಯ್ಕೆ, ಸಂದರ್ಭ, ಸ್ವಾರಸ್ಯ. ‘ಈ ವಾಕ್ಯವನ್ನು ಇಂಥವರು ಬರೆದ ಇಂಥ ಕೃತಿಯಿಂದ ಆಯ್ದ ಇಂಥ ಗದ್ಯಭಾಗದಿಂದ ಆರಿಸಿಕೊಳ್ಳಲಾಗಿದೆ’ ಅನ್ನುವ ಸಾಲು ಮಕ್ಕಳಿಗೆ ನಿದ್ದೆಗಣ್ಣಿನಲ್ಲೂ ಬಾಯಿಗೆ ಬರುತ್ತದೆ. ಆಯ್ಕೆಯೂ ಸಂದರ್ಭವೂ ಬಾಯಿಪಾಠದಲ್ಲೇ ದಾಟಿಹೋಗುತ್ತವೆ. ಸ್ವಾರಸ್ಯಕ್ಕೂ ಗೈಡಿನಲ್ಲಿ ಸಾಲು ಸಿದ್ಧವಿದೆ: ‘ಮಾನವೀಯತೆಯ ಮಹತ್ವ ಇಲ್ಲಿ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ.’ ಮಾನವೀಯತೆ ತೆಗೆದು ತ್ಯಾಗ ಹಾಕಿದರೆ ಅದೇ ಸಾಲು ಮುಂದಿನ ಪಾಠಕ್ಕೂ ಆಗುತ್ತದೆ. ಕಥೆ ಓದದೆಯೇ ಕಥೆಯ ಸ್ವಾರಸ್ಯ ಬರೆಯಬಹುದು ಅಂತಾದರೆ ಆ ಅಂಕ ಯಾವುದಕ್ಕೆ ಕೊಟ್ಟಂತಾಯಿತು?

ನಾನು ಇದೇ ಜಿಲ್ಲೆಯ ಹೈಸ್ಕೂಲುಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಈಗ ಶನಿವಾರ ಮಧ್ಯಾಹ್ನ ನಮ್ಮ ಪಂಚಾಯಿತಿ ಗ್ರಂಥಾಲಯದಲ್ಲಿ ಎಂಟರಿಂದ ಹತ್ತನೇ ಕ್ಲಾಸಿನ ಮಕ್ಕಳ ಜೊತೆ ಕೂತು ಕಥೆ ಓದುತ್ತೇನೆ. ಪರೀಕ್ಷೆ ಇಲ್ಲ, ಹಾಜರಿ ಇಲ್ಲ. ಬಂದವರು ಬಂದರು. ಅಲ್ಲಿ ಕಂಡದ್ದರ ಬಲದ ಮೇಲೆ ನನ್ನದೊಂದು ಕೋರಿಕೆ ಇದೆ. ಕಥೆಯ ಆಶಯವನ್ನು ಟೀಚರು ಬೋರ್ಡಿನ ಮೇಲೆ ಬರೆಯುವುದು, ಮಕ್ಕಳು ಅದನ್ನು ನೋಟ್ಸಿಗೆ ಇಳಿಸಿಕೊಳ್ಳುವುದು, ಇದು ನಿಲ್ಲಲಿ. ಆ ಸಾಲನ್ನು ಮಕ್ಕಳೇ ಕಥೆಯೊಳಗಿಂದ ಹುಡುಕಿ ತರಲಿ. ಯಾವ ವಾಕ್ಯದಿಂದ ತಂದೆ ಅಂತ ಬೆರಳಿಟ್ಟು ತೋರಿಸಲಿ.

ಇದು ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಒಂದು ಶನಿವಾರದ ಮಾತು ಹೇಳುತ್ತೇನೆ. ದೊಡ್ಡ ಕಥೆಗೆ ಕೈ ಹಾಕುವ ಮೊದಲು ನಾನೇ ನಾಲ್ಕು ಸಾಲು ಬರೆದುಕೊಟ್ಟಿದ್ದೆ:

‘ಅಮ್ಮ ಹಣ್ಣಿನ ಚೀಲವನ್ನು ತೂಕಕ್ಕೆ ಇಟ್ಟಳು. ರೈಟರು ತಕ್ಕಡಿಯ ಮುಳ್ಳು ನೋಡಿದರು. ಅಮ್ಮ ರೈಟರ ಮುಖ ನೋಡಿದಳು. ನಾನು ಅಮ್ಮನ ಕೈ ನೋಡಿದೆ.’

ಕಾಫಿ ಕುಯ್ಲಿನ ಸಂಜೆ. ರೈಟರು ಅಂದರೆ ತೋಟದ ಲೆಕ್ಕ ಬರೆಯುವವರು. ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವುದು ಬೇಕಿಲ್ಲ. ಆದರೂ ಮೊದಲು ಬಂದ ಪ್ರಶ್ನೆ ‘ಇದರ ನೀತಿ ಏನು ಮಿಸ್?’ ಅಂತ. ನೀತಿ ಆಮೇಲೆ, ಏನೇನು ಹೇಳಿಲ್ಲ ಅಂತ ಹೇಳಿ ಅಂದೆ. ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಒಬ್ಬಳು, ತೂಕ ಎಷ್ಟು ಬಂತು ಅಂತ ಹೇಳಿಲ್ಲ ಅಂದಳು. ಇನ್ನೊಬ್ಬ, ಅಮ್ಮ ಯಾಕೆ ಮುಳ್ಳು ನೋಡಲಿಲ್ಲ ಅಂತ ಕೇಳಿದ. ‘ಅವಳಿಗೆ ಓದೋಕೆ ಬರಲ್ಲ’ ಅಂತ ಒಬ್ಬ. ‘ಬರುತ್ತೆ, ಆದ್ರೆ ರೈಟರು ಹೇಳಿದ್ದೇ ತೂಕ’ ಅಂತ ಮತ್ತೊಬ್ಬ. ಜಗಳವೇ ಶುರುವಾಯಿತು. ಅಲ್ಲಿವರೆಗೆ ಬಾಯಿ ಬಿಡದೆ ಕೂತಿದ್ದ ಒಬ್ಬ ಹುಡುಗಿ, ಅವಳ ಅಮ್ಮ ಕುಯ್ಲಿಗೆ ಹೋಗುವವರು, ಮೆಲ್ಲಗೆ ಹೇಳಿದಳು: ‘ಮುಳ್ಳು ನೋಡಿದ್ರೆ ನಂಬಿಕೆ ಇಲ್ಲ ಅಂತ ಆಗುತ್ತೆ ಮಿಸ್. ಅದಕ್ಕೇ ಮುಖ ನೋಡೋದು.’

ಯಾವ ಗೈಡಿನಲ್ಲಿ ಈ ಉತ್ತರ ಇದೆ ಹೇಳಿ.

ಅಲ್ಲಿಗೇ ಬಿಡಲಿಲ್ಲ. ಇದನ್ನೇ ರೈಟರು ಹೇಳುವ ಹಾಗೆ ಬರೆಯಿರಿ ಅಂದೆ. ಒಬ್ಬ ಬರೆದ: ‘ಸಂಜೆ ಆಯ್ತು. ಇನ್ನೂ ತುಂಬಾ ಚೀಲ ಬಾಕಿ. ಯಾವುದೋ ಹುಡುಗ ನಿಂತು ನೋಡ್ತಿದ್ದ.’ ‘ಅಮ್ಮ ಎಲ್ಲಪ್ಪಾ?’ ಅಂತ ನಾನು ಕೇಳಿದರೆ, ‘ರೈಟರಿಗೆ ಅಮ್ಮ ಕಾಣಲ್ಲ ಮಿಸ್, ಚೀಲ ಮಾತ್ರ ಕಾಣೋದು’ ಅಂದ. ಆಗ ನಾನು ಬೋರ್ಡಿನ ಮೇಲೆ ‘ನಿರೂಪಕ’ ಅಂತ ಬರೆದೆ. ಕಥೆ ಯಾರ ಕಣ್ಣಿನಿಂದ ಕಾಣುತ್ತದೋ ಅವರಿಗೆ ಕಾಣದ್ದು ನಮಗೂ ಕಾಣುವುದಿಲ್ಲ ಅನ್ನುವುದು ಅಷ್ಟು ಹೊತ್ತಿಗೆ ಅವರಿಗೇ ಗೊತ್ತಾಗಿತ್ತು. ಹೆಸರೊಂದು ಬೇಕಿತ್ತು, ಕೊಟ್ಟೆ.

ತರಗತಿಗಳಲ್ಲಿ ನಾವು ಮಾಡುವುದು ಇದರ ತಿರುವುಮುರುವು. ಮೊದಲು ಹೆಸರು ಕೊಡುತ್ತೇವೆ. ಪ್ರತಿಮೆ, ಸಂಕೇತ, ವ್ಯಂಗ್ಯ, ಹಿನ್ನೋಟ ತಂತ್ರ. ಒಂದೊಂದಕ್ಕೂ ಎರಡು ಸಾಲಿನ ವ್ಯಾಖ್ಯೆ. ಆಮೇಲೆ ಮಗು ‘ಈ ಕಥೆಯಲ್ಲಿ ಹಿನ್ನೋಟ ತಂತ್ರ ಬಳಸಲಾಗಿದೆ’ ಅಂತ ಬರೆಯುತ್ತದೆ, ನಾವು ಸರಿ ಗುರುತು ಹಾಕುತ್ತೇವೆ. ಇದೆ, ಸರಿ. ಇದ್ದರೆ ಏನಾಯಿತು? ಆ ಹಿನ್ನೋಟವನ್ನು ಕಿತ್ತು ಕಥೆಯನ್ನು ಮೊದಲಿನಿಂದ ಕೊನೆವರೆಗೆ ನೇರವಾಗಿ ಹೇಳಿದ್ದರೆ ಏನು ಕಳೆದುಹೋಗುತ್ತಿತ್ತು? ನನ್ನ ಮಟ್ಟಿಗೆ ತಂತ್ರದ ಬಗ್ಗೆ ಕೇಳಬೇಕಾದ ಪ್ರಶ್ನೆ ಇದೊಂದೇ: ತೆಗೆದು ನೋಡು, ಏನು ಕಮ್ಮಿಯಾಯಿತು? ಏನೂ ಕಮ್ಮಿಯಾಗದಿದ್ದರೆ ಒಂದೋ ಮಗು ನೋಡಿದ್ದು ಸಾಲದು, ಇಲ್ಲವೇ ಕಥೆಗಾರರು ಸುಮ್ನೆ ಆಟ ಆಡಿದ್ದಾರೆ. ಎರಡನೆಯದೂ ಇರಬಹುದು ಅಂತ ಮಕ್ಕಳಿಗೆ ಹೇಳಲು ನಮಗೆ ಯಾಕೋ ಹೆದರಿಕೆ. ಪಠ್ಯಪುಸ್ತಕಕ್ಕೆ ಬಂದ ಕಥೆ ಅಂದರೆ ದೋಷವೇ ಇಲ್ಲದ್ದು ಅಂತ ನಾವೇ ನಂಬಿಬಿಟ್ಟಿದ್ದೇವೆ.

ಆಶಯದ ವಿಷಯಕ್ಕೆ ಬಂದರೆ ಗೊಂದಲ ಇನ್ನೂ ಜಾಸ್ತಿ. ‘ಈ ಕಥೆಯ ಆಶಯವೇನು?’ ಅಂತ ಕೇಳಿದರೆ ‘ಬಡತನ’, ‘ತಾಯಿಪ್ರೀತಿ’, ‘ಯುದ್ಧ’ ಅಂತ ಒಂದೇ ಪದದ ಉತ್ತರ ಬರುತ್ತದೆ. ಇವು ಕಥೆಯ ವಿಷಯಗಳು. ಬಡತನದ ಬಗ್ಗೆ ಈ ಕಥೆ ಏನು ಹೇಳುತ್ತಿದೆ ಅನ್ನುವುದು ಆಶಯ. ಅದಕ್ಕೆ ಒಂದು ಪೂರ್ತಿ ವಾಕ್ಯವಾದರೂ ಬೇಕು. ಇನ್ನು ಕೆಲವರು ‘ಬಡವರಿಗೆ ಸಹಾಯ ಮಾಡಬೇಕು’ ಅಂತ ಬರೆಯುತ್ತಾರೆ. ಅದು ನೀತಿ. ಪ್ರೈಮರಿಯ ಆಮೆ-ಮೊಲದ ಕಥೆಗೆ ಸರಿಹೋಗುತ್ತದೆ, ಹದಿನೈದು ವರ್ಷದವರು ಓದುವ ಕಥೆಗೆ ಸಾಲದು.

ಮಕ್ಕಳಿಗೆ ನಾನು ಹೇಳಿಕೊಟ್ಟಿರುವ ಪರೀಕ್ಷೆ ಸುಲಭದ್ದು. ನೀನು ಬರೆದ ಆಶಯದ ಸಾಲನ್ನು ಬೇರೊಂದು ಕಥೆಯ ಕೆಳಗೆ ಇಟ್ಟು ನೋಡು. ಅಲ್ಲೂ ಅಷ್ಟೇ ಚೆನ್ನಾಗಿ ಕೂತರೆ ಅದು ಈ ಕಥೆಯದಲ್ಲ, ಇನ್ನೊಮ್ಮೆ ಓದು. ಆ ತೂಕದ ನಾಲ್ಕು ಸಾಲಿಗೆ ಮೊದಲು ‘ಕಾರ್ಮಿಕರ ಕಷ್ಟ’ ಅಂತ ಬರೆದಿದ್ದವರು ಆಮೇಲೆ ತಿದ್ದಿ ಬರೆದದ್ದು ಹೀಗೆ: ‘ತನ್ನದೇ ದುಡಿಮೆಯ ಲೆಕ್ಕವನ್ನು ಬೇರೆಯವರ ಮುಖದಲ್ಲಿ ಓದಬೇಕಾದವರ ಕಥೆ.’ ನಾನು ಒಂದು ಅಕ್ಷರವನ್ನೂ ತಿದ್ದಿಲ್ಲ.

ಮಾಸ್ತಿಯವರು ಬರೆದ ರಂಗನ ಮದುವೆಯ ಕಥೆ ತಮಗೆ ಗೊತ್ತೇ ಇದೆ. ನೂರು ವರ್ಷಕ್ಕೂ ಹಳೆಯದು. ಬೆಂಗಳೂರಿಗೆ ಓದಲು ಹೋಗಿ ಹೊಸಹಳ್ಳಿಗೆ ವಾಪಸು ಬಂದ ರಂಗನಿಗೆ, ಊರಿನ ಹಿರಿಯ ಶ್ಯಾಮ ಉಪಾಯ ಮಾಡಿ ರತ್ನ ಅನ್ನುವ ಹುಡುಗಿಯ ಜೊತೆ ಮದುವೆ ಮಾಡಿಸುವ ಕಥೆ. ಶ್ಯಾಮನೇ ನಮಗೆ ಕಥೆ ಹೇಳುವವನು. ತನ್ನ ಊರಿನ ಮಾವಿನಕಾಯಿಯ ಹುಳಿಯನ್ನೂ ಬಿಡದೆ ಹೊಗಳುತ್ತಾ, ಅಲ್ಲಿ ಇಲ್ಲಿ ಸುತ್ತಾಡಿಸುತ್ತಾ ಹೇಳುತ್ತಾನೆ. ಮಕ್ಕಳು ನಕ್ಕರು. ಶಾಸ್ತ್ರಿಗಳಿಗೆ ಮೊದಲೇ ಎಲ್ಲ ಹೇಳಿಕೊಟ್ಟು ಜ್ಯೋತಿಷ್ಯ ಹೇಳಿಸುವ ಜಾಗದಲ್ಲಂತೂ ಬಿದ್ದುಬಿದ್ದು ನಕ್ಕರು.

ನಗು ಮುಗಿದ ಮೇಲೆ ಒಬ್ಬ ಹುಡುಗಿ ಕೇಳಿದಳು, ‘ರತ್ನಳಿಗೆ ಎಷ್ಟು ವರ್ಷ?’ ಹನ್ನೊಂದು. ಕೋಣೆ ತಣ್ಣಗಾಯಿತು. ಅವಳ ಇಷ್ಟವನ್ನು ಯಾರಾದರೂ ಕೇಳಿದರಾ ಅಂತ ಪುಟ ತಿರುಗಿಸಿದರು. ಯಾರೂ ಕೇಳಿರಲಿಲ್ಲ. ಹಾಗಾದರೆ ಮಾಸ್ತಿಯವರು ಬಾಲ್ಯವಿವಾಹ ಸರಿ ಅನ್ನುತ್ತಿದ್ದಾರಾ? ಇಲ್ಲಿ ಗುಂಪು ಒಡೆಯಿತು. ಒಬ್ಬರ ವಾದ: ಮದುವೆ ನಗುನಗುತ್ತಾ ಆಯಿತು, ಎಲ್ಲರೂ ಸುಖವಾಗಿದ್ದಾರೆ, ಅಂದಮೇಲೆ ಕಥೆ ಅದನ್ನು ಒಪ್ಪುತ್ತದೆ. ಇನ್ನೊಬ್ಬರದು: ತಿಳಿವಳಿಕೆ ಬಂದ ಹುಡುಗಿಯನ್ನೇ, ತನಗೆ ಒಪ್ಪಿದವಳನ್ನೇ ಮದುವೆಯಾಗಬೇಕು ಅಂತ ರಂಗನೇ ಕಥೆಯೊಳಗೆ ಹೇಳುತ್ತಾನೆ. ಆ ಮಾತನ್ನು ಲೇಖಕರು ಯಾಕೆ ಬರೆದರು? ಗೆದ್ದದ್ದು ಶ್ಯಾಮನ ಉಪಾಯವೇ ಹೊರತು ಶ್ಯಾಮನ ವಾದ ಅಲ್ಲ. ಅದೂ ಸುಳ್ಳು ಹೇಳಿ ಗೆದ್ದದ್ದು. ಅಂಥವನು ಹೇಳಿದ್ದನ್ನೆಲ್ಲ ನಾವು ಯಾಕೆ ನಂಬಬೇಕು?

ನಾನು ತೀರ್ಪು ಕೊಡಲಿಲ್ಲ. ಎರಡೂ ಕಡೆಯವರ ಕೈಯಲ್ಲಿ ಕಥೆಯ ಸಾಲುಗಳಿದ್ದವು. ಕಥೆ ಹೇಳುವ ಶ್ಯಾಮ ಬೇರೆ, ಕಥೆ ಬರೆದ ಮಾಸ್ತಿ ಬೇರೆ ಅನ್ನುವುದು ಬಿ.ಎ. ತರಗತಿಯಲ್ಲಿ ಕಲಿಸುವ ಮಾತು ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಒಂಬತ್ತನೇ ಕ್ಲಾಸಿನವರು ಅದನ್ನು ಜಗಳವಾಡುತ್ತಲೇ ಕಂಡುಕೊಂಡರು.

ಒಂದು ಮಾತು ಸ್ಪಷ್ಟ ಮಾಡುತ್ತೇನೆ, ಇಲ್ಲದಿದ್ದರೆ ‘ಮಕ್ಕಳು ಏನು ಬರೆದರೂ ಸರಿ ಅಂತೀರಾ’ ಅಂತ ಕೇಳುವವರಿದ್ದಾರೆ. ಹಾಗಲ್ಲ. ಅದೇ ಕಥೆ ವರದಕ್ಷಿಣೆ ವಿರುದ್ಧ ಇದೆ ಅಂತ ಒಬ್ಬ ಹೇಳಿದ. ಸಾಲು ತೋರಿಸು ಅಂದೆವು. ಸಿಗಲಿಲ್ಲ, ಬಿಟ್ಟ. ಅಷ್ಟೇ ನಿಯಮ.

ಸಂಕೇತಗಳ ಬಗ್ಗೆ ಕೊಡಗಿನವಳಾಗಿ ನನಗೊಂದು ತಕರಾರಿದೆ. ಗೈಡುಗಳಲ್ಲಿ ಸಂಕೇತಗಳಿಗೆ ಬೆಲೆಪಟ್ಟಿ ಇದ್ದ ಹಾಗೆ ಅರ್ಥಪಟ್ಟಿ ಇದೆ. ಮಳೆ ಅಂದರೆ ಸಮೃದ್ಧಿ, ಕತ್ತಲೆ ಅಂದರೆ ಅಜ್ಞಾನ, ದೀಪ ಅಂದರೆ ಜ್ಞಾನ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಮಕ್ಕಂದೂರಿನ ಕಡೆ ಬೆಳೆಯುತ್ತಿದ್ದ ಮಗುವಿಗೆ ಮಳೆ ಅಂದರೆ ಸಮೃದ್ಧಿ ಅಂತ ಬರೆಸುತ್ತೀರಾ? ಕಥೆಯಲ್ಲಿ ಮಳೆ ಯಾವಾಗ ಬರುತ್ತದೆ, ಯಾರು ಅದನ್ನು ಕೇಳಿಸಿಕೊಳ್ಳುತ್ತಾರೆ, ಎಷ್ಟು ಸಲ ಬರುತ್ತದೆ, ಬಂದಾಗಲೆಲ್ಲ ಏನು ನಡೆಯುತ್ತದೆ, ಇಷ್ಟು ನೋಡಿದ ಮೇಲೇ ಆ ಕಥೆಯಲ್ಲಿ ಮಳೆಗೆ ಏನು ಅರ್ಥ ಅಂತ ಹೇಳಲು ಬರುವುದು. ಹತ್ತನೇ ಕ್ಲಾಸಿನ ಪಠ್ಯದಲ್ಲಿದ್ದ ಸಾರಾ ಅಬೂಬಕ್ಕರ್ ಅವರ ‘ಯುದ್ಧ’ ಕಥೆಯನ್ನೇ ತೆಗೆದುಕೊಳ್ಳಿ. ಯುದ್ಧಕಾಲದ ಬ್ಲ್ಯಾಕ್ ಔಟ್. ಮನೆಯಲ್ಲಿ ಬೆಳಕು ಹಾಕುವಂತಿಲ್ಲ. ಆ ಕತ್ತಲೆಯಲ್ಲೇ ಶತ್ರುದೇಶದ ಡಾಕ್ಟರು ಹೆರಿಗೆ ಮಾಡಿಸಬೇಕು. ಇಲ್ಲಿ ಕತ್ತಲೆಗೆ ಅಜ್ಞಾನ ಅಂತ ಅರ್ಥ ಬರೆದರೆ ಕಥೆಯೇ ಹೋಯಿತು. ಆದರೆ ನಾವು ಕೇಳುವ ಪ್ರಶ್ನೆ ‘ಬ್ಲ್ಯಾಕ್ ಔಟ್ ನಿಯಮ ಎಂದರೇನು?’ ಒಂದು ಅಂಕ, ಒಂದು ವಾಕ್ಯ. ಬೆಳಕಿಲ್ಲದ ಮನೆಯನ್ನೇ ಲೇಖಕಿ ಯಾಕೆ ಆರಿಸಿಕೊಂಡರು ಅಂತ ಕೇಳಿದ್ದರೆ?

ಪುನರಾವರ್ತನೆ ಅನ್ನುವ ತಂತ್ರ ಕಲಿಸಲು ನಮ್ಮ ಜಿಲ್ಲೆಯಲ್ಲಿ ಪುಸ್ತಕವೇ ಬೇಡ. ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಬಡಿಯುತ್ತಾ ‘ಬಾಳೊ ಬಾಳೊ’ ಅಂತ ಕೊಡವ ಹಾಡು ಹಾಡುವುದನ್ನು ಕೇಳಿ ಬೆಳೆದ ಮಕ್ಕಳಿದ್ದಾರೆ. ಅದೇ ಸಾಲು ಮತ್ತೆ ಬಂದಾಗ ಏನಾಗುತ್ತದೆ ಅಂತ ಅವರನ್ನೇ ಕೇಳಿ.

ಭಾಷೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಒಂದು ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಆದಿವಾಸಿ ಹಾಡಿಗಳಿಂದ ಬರುವ ಮಕ್ಕಳ ಯರವ ಮಾತು, ಈಗೀಗ ತೋಟದ ಕೆಲಸಕ್ಕೆ ಬಂದ ಅಸ್ಸಾಮಿನವರ ಮಕ್ಕಳ ಮಾತು, ಎಲ್ಲ ಇರುತ್ತವೆ. ‘ಇವರಿಗೆ ಕನ್ನಡವೇ ನೆಟ್ಟಗೆ ಬರಲ್ಲ, ವಿಶ್ಲೇಷಣೆ ಎಲ್ಲಿಂದ’ ಅನ್ನುವ ಮಾತನ್ನು ಸ್ಟಾಫ್ ರೂಮಿನಲ್ಲಿ ಬಹಳ ಕೇಳಿದ್ದೇನೆ. ಕಾಗುಣಿತ ತಪ್ಪುವ ಮಗು ಕಥೆಯ ಒಳಸುಳಿ ಹಿಡಿಯಲಾರದು ಅಂತ ಯಾರು ಹೇಳಿದ್ದು? ಮೊದಲು ಅವರವರ ಮಾತಿನಲ್ಲೇ ಹೇಳಲಿ, ಪಕ್ಕದವರು ಕನ್ನಡಕ್ಕೆ ತರಲಿ, ಆಮೇಲೆ ಎಲ್ಲರೂ ಸೇರಿ ಬರೆಯಲಿ. ಮುಖ ನೋಡುವುದರ ಗುಟ್ಟು ಹೇಳಿದ ಹುಡುಗಿಯ ನೋಟ್ಸಿನಲ್ಲಿ ಒತ್ತಕ್ಷರಗಳು ಈಗಲೂ ತಪ್ಪುತ್ತವೆ.

ಕಥೆಗೆ ನಾವು ದೂರ ಹೋಗಬೇಕಾಗಿಯೂ ಇಲ್ಲ. ಕನ್ನಡದಲ್ಲಿ ಸಣ್ಣಕಥೆ ಇನ್ನೂ ಕಣ್ಣು ಬಿಡುತ್ತಿದ್ದಾಗ ಬರೆದ ಪಂಜೆ ಮಂಗೇಶರಾಯರು ಮಡಿಕೇರಿಯ ಸರ್ಕಾರಿ ಶಾಲೆಯಲ್ಲೇ ಹೆಡ್‌ಮಾಸ್ತರರಾಗಿದ್ದವರು. ಕಥೆಗಾರ್ತಿ ಕೊಡಗಿನ ಗೌರಮ್ಮ ಹುಟ್ಟಿದ್ದು ಮಡಿಕೇರಿಯಲ್ಲಿ, 1912ರಲ್ಲಿ. 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಅವರಿಗಿನ್ನೂ ಇಪ್ಪತ್ತೇಳು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಹರಿಜನ ನಿಧಿಗೆ ಒಡವೆ ಬಿಚ್ಚಿಕೊಟ್ಟರು ಅನ್ನುವುದು ನಮ್ಮ ಪ್ರತಿ ಭಾಷಣದಲ್ಲೂ ಬರುತ್ತದೆ. ಕಥೆಗಳು ಬರುವುದಿಲ್ಲ. ‘ಕಂಬನಿ’, ‘ಚಿಗುರು’ ಅಂತ ಎರಡು ಸಂಕಲನಗಳ ಹೆಸರನ್ನು ಲೇಖಕಿ ಪರಿಚಯದ ಪ್ರಶ್ನೆಗೆ ಬಾಯಿಪಾಠ ಮಾಡಿಸಿ ಮುಂದೆ ಹೋಗುತ್ತೇವೆ.

ಅವರದೊಂದು ಕಥೆಯ ಹೆಸರು ‘ಅಪರಾಧಿ ಯಾರು?’ ಪ್ರಶ್ನಾರ್ಥಕ ಚಿಹ್ನೆ ಹೆಸರಿನಲ್ಲೇ ಇದೆ. ಉತ್ತರವನ್ನು ಓದುವವರ ಮೇಲೆ ಬಿಟ್ಟ ಆ ಕಥೆಗೆ ನಾವು ‘ಆಶಯ: ಸಮಾಜವೇ ಅಪರಾಧಿ’ ಅಂತ ಬೋರ್ಡಿನ ಮೇಲೆ ಬರೆದುಬಿಟ್ಟರೆ ಅವರು ಬಿಟ್ಟ ಜಾಗವನ್ನು ನಾವು ಮುಚ್ಚಿಹಾಕಿದಂತೆ. ಹದಿನಾಲ್ಕು ಹದಿನೈದರ ಮಕ್ಕಳಿಗೆ ಯಾರದು ತಪ್ಪು ಅನ್ನುವ ಪ್ರಶ್ನೆಯಷ್ಟು ಬಿಸಿಯಾದದ್ದು ಬೇರೆ ಇಲ್ಲ. ಮನೆಯಲ್ಲಿ ದಿನಾ ಅದೇ ತಾನೇ ನಡೆಯುವುದು.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಇಂಟರ್‌ನ್ಯಾಷನಲ್ ಬುಕರ್ ಬಂತು. ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆ ಕಥೆಗಳನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ನಮ್ಮ ಮಡಿಕೇರಿಯವರು. ಗೌರಮ್ಮನವರ ಕಥೆಗಳನ್ನೂ ಅವರು ಇಂಗ್ಲಿಷಿಗೆ ತಂದಿದ್ದಾರೆ. ನಾವೆಲ್ಲ ಹೆಮ್ಮೆಯಿಂದ ಸ್ಟೇಟಸ್ ಹಾಕಿದೆವು. ಸಂತೋಷ. ಅನುವಾದ ಮಾಡುವವರು ಒಂದೊಂದು ವಾಕ್ಯದ ಮುಂದೆ ಎಷ್ಟು ಹೊತ್ತು ಕೂರುತ್ತಾರೆ ಅಂತ ನಮ್ಮ ಮಕ್ಕಳಿಗೆ ಗೊತ್ತಾಗಬೇಡವಾ? ಅದರ ಹತ್ತರಲ್ಲಿ ಒಂದು ಪಾಲು ಹೊತ್ತು ತರಗತಿಯಲ್ಲಿ ಸಿಕ್ಕರೂ ಸಾಕು.

ಹೊತ್ತೇ ಇಲ್ಲ ಅಂತ ನನ್ನ ಸಹೋದ್ಯೋಗಿಗಳು ಹೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಮಳೆ ರಜೆ ಯಾವಾಗ ಬರುತ್ತದೋ ಹೇಳಲು ಬರುವುದಿಲ್ಲ. ಆ ಪಾಠಗಳನ್ನು ಆಮೇಲೆ ಶನಿವಾರ, ಭಾನುವಾರ ಅಂತ ಓಡಿಸಬೇಕು. ಜೊತೆಗೆ ಬಿಸಿಯೂಟದ ಲೆಕ್ಕ, ಚುನಾವಣೆ ಕೆಲಸ, ಆನ್‌ಲೈನ್ ಎಂಟ್ರಿ. ಡಿಸೆಂಬರ್ ದಾಟಿದರೆ ಪಾಸಾಗುವಷ್ಟನ್ನೇ ಕಲಿಸುವ ಪಾಸಿಂಗ್ ಪ್ಯಾಕೇಜು. ಫಲಿತಾಂಶ ಇಳಿದರೆ ನೋಟಿಸ್ ಬರುವುದು ಟೀಚರಿಗೆ. ಇಂಥವರಿಗೆ ನಾನು ಹೊಸ ಪಾಠ ಸೇರಿಸಿ ಅನ್ನುತ್ತಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಸ್ವಾರಸ್ಯ ಅನ್ನುವ ಜಾಗ ಈಗಾಗಲೇ ಇದೆ. ಅಲ್ಲಿ ಮಗು ತನ್ನದೇ ಮಾತಿನಲ್ಲಿ, ಕಥೆಯ ಸಾಲು ಹಿಡಿದು ಬರೆದರೆ ಸಾಕು. ಆದರೆ ಮೌಲ್ಯಮಾಪನ ಮಾಡುವವರ ಕೈಯಲ್ಲಿ ಮಾದರಿ ಉತ್ತರ ಇರುತ್ತದೆ. ಅದಕ್ಕೆ ಹೊಂದದ ಉತ್ತರಕ್ಕೆ ಅಂಕ ಸಿಗುವುದಿಲ್ಲ ಅನ್ನುವ ಭಯಕ್ಕೇ ಟೀಚರು ಬೋರ್ಡಿನ ಮೇಲೆ ಬರೆಸುವುದು. ಹೀಗಾಗಿ ತಿದ್ದಬೇಕಾದದ್ದು ಮೇಲಿನಿಂದ.

ತಮ್ಮ ಕೈಯಲ್ಲಿ ಆಗುವಂಥದ್ದನ್ನೇ ಕೇಳುತ್ತೇನೆ.

ಶಾಲಾ ಹಂತದ ಪರೀಕ್ಷೆಗಳಲ್ಲಿ, ಜಿಲ್ಲೆಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ, ಕಥೆಯ ಸಾಲಿನ ಆಧಾರ ಕೊಟ್ಟ ಯಾವ ಉತ್ತರಕ್ಕೂ ಪೂರ್ತಿ ಅಂಕ ಕೊಡಬಹುದು ಅಂತ ಒಂದು ಸುತ್ತೋಲೆ ಹೊರಡಿಸಿ. ವರ್ಷದ ನಡುನಡುವೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗೆ ಈಗ ಮಕ್ಕಳು ಲೇಖಕರ ಫೋಟೋ ಅಂಟಿಸಿ, ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದ ಚಾರ್ಟು ತರುತ್ತಾರೆ. ಅದರ ಖರ್ಚು ಅಪ್ಪ ಅಮ್ಮನಿಗೆ, ಲಾಭ ಜೆರಾಕ್ಸ್ ಅಂಗಡಿಗೆ. ಅದರ ಬದಲು ಪಠ್ಯದಲ್ಲಿಲ್ಲದ ಒಂದು ಪುಟ್ಟ ಕಥೆ ಕೊಟ್ಟು, ಇದೇ ಕಥೆಯನ್ನು ಇನ್ನೊಂದು ಪಾತ್ರ ಹೇಳುವ ಹಾಗೆ ಒಂದು ಪುಟ ಬರೆಯಿರಿ ಅನ್ನಬಹುದು. ಗೈಡಿನಲ್ಲಿ ಸಿಗುವುದಿಲ್ಲ. ಕಥೆ ಓದದೆ ಬರೆಯಲು ಬರುವುದಿಲ್ಲ. ತಿದ್ದುವ ಟೀಚರಿಗೂ ಬೇಜಾರಾಗುವುದಿಲ್ಲ, ಯಾಕೆಂದರೆ ಎರಡು ಉತ್ತರ ಒಂದೇ ಥರ ಇರುವುದಿಲ್ಲ.

ಇನ್ನೊಂದು ಮಳೆ ರಜೆಯದು. ಜೂನ್ ಮೊದಲ ವಾರದಲ್ಲೇ ಪ್ರತಿ ಮಗುವಿನ ಕೈಗೆ ನಾಲ್ಕೈದು ಕಥೆಗಳ ಜೆರಾಕ್ಸ್ ಕಟ್ಟು ಕೊಟ್ಟುಬಿಡಿ. ರಜೆ ಘೋಷಣೆ ಆದ ದಿನ ಒಂದು ಕಥೆ. ಕರೆಂಟು ಇರುವುದಿಲ್ಲ, ನೆಟ್‌ವರ್ಕ್ ಇರುವುದಿಲ್ಲ, ಕಾಗದ ಇರುತ್ತದೆ. ಪ್ರಶ್ನೆ ಪಟ್ಟಿ ಜೊತೆಗೆ ಕಳಿಸಬೇಡಿ. ಎಲ್ಲಿ ನಿಂತು ಮತ್ತೆ ಓದಿದಿರೋ ಆ ಸಾಲಿಗೆ ಪೆನ್ಸಿಲ್ ಗೆರೆ ಹಾಕಿಕೊಂಡು ಬನ್ನಿ ಅಂದರೆ ಸಾಕು. ಶಾಲೆ ತೆರೆದ ದಿನದ ಕನ್ನಡ ಪೀರಿಯಡ್ಡು ಆ ಗೆರೆಗಳಿಂದ ಶುರುವಾಗಲಿ. ಗೌರಮ್ಮನವರ ಕಥೆಗಳ ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ, ಆದ್ದರಿಂದ ಜೆರಾಕ್ಸ್ ಮಾಡಲು ಯಾರ ಅನುಮತಿಯೂ ಬೇಕಿಲ್ಲ.

ಕೂಡಿಗೆಯ ಡಯಟ್‌ನವರಿಗೆ ಒಂದು ವಿನಂತಿ. ಕನ್ನಡ ಟೀಚರುಗಳ ಕಾರ್ಯಾಗಾರದಲ್ಲಿ ಪಿಪಿಟಿ ತೋರಿಸುವುದು ಒಂದು ದಿನ ಬಿಡಿ. ಟೀಚರುಗಳೇ ತಾವು ಮೊದಲು ಓದಿರದ ಒಂದು ಕಥೆ ಓದಿ, ಅದರ ಆಶಯ ಏನು ಅಂತ ತಮ್ಮೊಳಗೇ ವಾದ ಮಾಡಲಿ. ಒಬ್ಬರ ಉತ್ತರ ಇನ್ನೊಬ್ಬರ ಹಾಗೆ ಬರುವುದಿಲ್ಲ ಅಂತ ನಾನು ಬರೆದುಕೊಡುತ್ತೇನೆ. ಅದನ್ನು ಅನುಭವಿಸಿದವರು ಮಾರನೇ ದಿನ ತರಗತಿಗೆ ಹೋಗಿ ಒಂದೇ ಉತ್ತರ ಬರೆಸುವುದು ಕಷ್ಟ.

ಅಂಥ ಕಾರ್ಯಾಗಾರ ಇಟ್ಟರೆ ನಾನೂ ಬರುತ್ತೇನೆ. ಗೌರವಧನ ಬೇಡ, ಬಸ್ಸಿಗೆ ಶಕ್ತಿ ಯೋಜನೆ ಇದೆ. ಶನಿವಾರ ಮಾತ್ರ ಇಡಬೇಡಿ, ಆವತ್ತು ಮಕ್ಕಳು ಗ್ರಂಥಾಲಯಕ್ಕೆ ಬರುತ್ತಾರೆ. ತಾವೇ ಒಂದು ಶನಿವಾರ ಅಲ್ಲಿಗೆ ಬಂದರೆ ಇನ್ನೂ ಒಳ್ಳೆಯದು. ತಪಾಸಣೆಗೆ ಅಂತ ಅಲ್ಲ, ಒಂದು ಕಥೆ ಓದಲು. ಆಶಯ ಏನು ಅಂತ ಮಕ್ಕಳು ತಮ್ಮನ್ನೂ ಕೇಳಬಹುದು, ಸಾಲು ತೋರಿಸಿ ಅಂತಲೂ ಕೇಳಬಹುದು.

ವಂದನೆಗಳೊಂದಿಗೆ,
ನಿವೃತ್ತ ಕನ್ನಡ ಶಿಕ್ಷಕಿ
ಸೋಮವಾರಪೇಟೆ ತಾಲ್ಲೂಕು, ಕೊಡಗು